‘ಬರ್ತದೆ’ ಅಂದರೆ ಸಾಕೇ?

ಕಳೆದ ಮಳೆಗಾಲದ ಒಂದು ಸಂಜೆ. ಬಿಜೈಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಪೇಪರು ಓದುತ್ತಿದ್ದೆ. ಪಕ್ಕದ ಮನೆಯ ಬಾಯಮ್ಮ ಕೊಡೆ ಮಡಚುತ್ತಾ ಗೇಟು ತೆಗೆದು ಬಂದರು. ನನಗಿಂತ ಎರಡು ವರ್ಷ ದೊಡ್ಡವರು. ಗಂಡ ತೀರಿಕೊಂಡು ಕೆಲವು ವರ್ಷಗಳಾದವು. ಮಗ ಬೆಂಗಳೂರಿನಲ್ಲಿ. ಅವರ ಕೈಯಲ್ಲಿ ಫೋನು ಇತ್ತು.

‘‘ಬ್ಯಾಂಕಿನವರೇ, ಮಿಕ್ಸಿ ವಾಪಸು ಕೊಟ್ಟು ಒಂಬತ್ತು ದಿನ ಆಯಿತು. ವಾಲೆಟ್ಟಿಗೆ ಹಣ ಬರಲೇ ಇಲ್ಲ. ಎಂತ ಮಾಡುವುದು?’’

‘‘ಬರ್ತದೆ ಬಾಯಮ್ಮ, ಬರ್ತದೆ. ಸ್ವಲ್ಪ ಕಾಯಿರಿ’’ ಅಂದೆ. ಪೇಪರಿನಿಂದ ತಲೆ ಎತ್ತಿದ್ದೆನೋ ಇಲ್ಲವೋ ನೆನಪಿಲ್ಲ.

ನನ್ನ ಆ ಒಂದು ಮಾತಿನಿಂದಾಗಿ ಬಾಯಮ್ಮ ತಮ್ಮ ಮನೆಯ ಮಾಡು ರಿಪೇರಿಗೆಂದು ಇಟ್ಟಿದ್ದ ದುಡ್ಡನ್ನೇ ಕಳೆದುಕೊಳ್ಳುವುದರಲ್ಲಿದ್ದರು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು, ಅದೇ ಮಳೆಗಾಲದಲ್ಲಿ ನಾನು ಮಾಡಿಕೊಂಡ ಫಜೀತಿ ಕೇಳಿ. ವಾಲೆಟ್ಟಿನ ರಿಫಂಡ್ ಅಂದರೆ ಏನೆಂದು ನನಗೆ ಅರ್ಥವಾದದ್ದು ಅದರಿಂದಲೇ.

ಎಂಟನೆಯ ಕ್ಲಾಸಿನ ಮೊಮ್ಮಗಳಿಗೆ ಒಂದು ರೈನ್‌ಕೋಟು ಬೇಕಿತ್ತು. ಅವಳೇ ಫೋನಿನಲ್ಲಿ ಹುಡುಕಿ ಆರಿಸಿದಳು. ಬೆಲೆ 1,149 ರೂಪಾಯಿ. ನನ್ನ ವಾಲೆಟ್ಟಿನಲ್ಲಿ 500 ಇತ್ತು. ಅದನ್ನು ಮೊದಲು ಖರ್ಚು ಮಾಡಿ, ಉಳಿದ 649ನ್ನು ಬ್ಯಾಂಕಿನ ಖಾತೆಯಿಂದ ಯುಪಿಐಯಲ್ಲಿ ಕೊಟ್ಟಳು. ನಾಲ್ಕು ದಿನದಲ್ಲಿ ಕೋಟು ಬಂತು. ಹಾಕಿ ನೋಡಿದರೆ ಕೈ ಮೊಣಕೈಯಿಂದ ಸ್ವಲ್ಪ ಕೆಳಗೆ ನಿಂತಿತು. ವಾಪಸು ಕಳುಹಿಸಿದೆವು. ‘ರಿಫಂಡ್ ಆಗಿದೆ’ ಎಂದು ಅಂಗಡಿಯಿಂದ ಮೆಸೇಜೂ ಬಂತು.

ನಾನು ಪಾಸ್‌ಬುಕ್ ಎಂಟ್ರಿ ಹಾಕಿಸಿದೆ. ಬಂದದ್ದು 649 ಮಾತ್ರ! 500 ರೂಪಾಯಿ ಎಲ್ಲಿ?

ಕೌಂಟರಿನಲ್ಲಿದ್ದ ಹುಡುಗಿ ನನ್ನ ಮೊಮ್ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು. ಅವಳಿಗೆ ನಾನು ನಮ್ಮ ಕಾಲದ ಬ್ಯಾಂಕಿನ ಬಗ್ಗೆ ಉಪನ್ಯಾಸವನ್ನೇ ಕೊಟ್ಟೆ. ಸಂಜೆ ಲೆಕ್ಕ ಟ್ಯಾಲಿ ಆಗದೆ, ಒಂದು ರೂಪಾಯಿ ಹೆಚ್ಚು ಕಡಿಮೆ ಬಂದರೂ ನಾವು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ ಎಂದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ, ‘‘ಸರ್, ನಮ್ಮಿಂದ ಹೋದದ್ದು 649. ನಮಗೆ ಬಂದದ್ದೂ 649. ನಮ್ಮ ಲೆಕ್ಕ ಟ್ಯಾಲಿ ಉಂಟಲ್ಲ?’’ ಎಂದಳು.

ನನ್ನ ಹಿಂದೆ ಕ್ಯೂನಲ್ಲಿ ನಿಂತವರು ನಕ್ಕರು. ಮನೆಗೆ ಬಂದು ಮೊಮ್ಮಗಳ ಹತ್ತಿರ ವಾಲೆಟ್ ತೆರೆಸಿ ನೋಡಿದರೆ 500 ರೂಪಾಯಿ ಅಲ್ಲೇ ಸುಮ್ಮನೆ ಕುಳಿತಿತ್ತು. ಬಂದು ನಾಲ್ಕು ದಿನವಾಗಿತ್ತು!

ಡೆಬಿಟ್ಟು, ಕ್ರೆಡಿಟ್ಟು ಎಂದು ಆಯುಷ್ಯವೆಲ್ಲ ಬರೆದವನು ನಾನು. ತಪ್ಪು ಎಂಟ್ರಿ ಬಿದ್ದರೆ, ಯಾವ ಖಾತೆಯಿಂದ ಹಣ ತೆಗೆದಿದ್ದೇವೋ ಅದೇ ಖಾತೆಗೆ ತಿರುಗಿ ಹಾಕಬೇಕು. ಇದು ಬಿಕಾಂ ಮೊದಲ ವರ್ಷದ ಪಾಠ. ರಿಫಂಡಿಗೂ ಅದೇ ಪಾಠ. ಹಣ ಹೋದ ದಾರಿಯಲ್ಲೇ ಮರಳುತ್ತದೆ. ವಾಲೆಟ್ಟಿನಿಂದ ಹೋದದ್ದು ವಾಲೆಟ್ಟಿಗೆ, ಬ್ಯಾಂಕಿನಿಂದ ಹೋದದ್ದು ಬ್ಯಾಂಕಿಗೆ. ಅರ್ಧರ್ಧ ಹೋಗಿದ್ದರೆ ಅರ್ಧರ್ಧ ಬರುತ್ತದೆ.

ಮಕ್ಕಳೇ, ವಾಲೆಟ್ ಎಂದರೆ ಏನೆಂದು ನಿಮಗೆ ಗೊತ್ತು. ಅಜ್ಜ ಅಜ್ಜಿಯರಿಗೆ ಹೇಳುವುದಾದರೆ ಪಿಗ್ಮಿಯ ಉದಾಹರಣೆ ಕೊಡಿ, ಥಟ್ಟನೆ ತಿಳಿಯುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ಮನೆ ಮನೆಗೆ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮದುವೆ, ಶಾಲೆಯ ಫೀಸು ಆ ಎರಡಾಣೆಗಳಿಂದ ನಡೆದಿದೆ. ವಾಲೆಟ್ಟೂ ಹಾಗೆಯೇ, ಮೊದಲೇ ಸ್ವಲ್ಪ ಹಣ ಹಾಕಿಟ್ಟುಕೊಳ್ಳುವ ಜಾಗ. ವ್ಯತ್ಯಾಸ ಇಷ್ಟೇ: ಪಿಗ್ಮಿ ಉಳಿತಾಯಕ್ಕೆ, ವಾಲೆಟ್ ಖರ್ಚಿಗೆ. ವಾಲೆಟ್ಟಿನ ಹಣಕ್ಕೆ ಬಡ್ಡಿ ಇಲ್ಲ. ವಾಲೆಟ್ ನಡೆಸುವುದು ಬ್ಯಾಂಕಲ್ಲದ ಕಂಪೆನಿಯಾದರೆ, ಗಿರಾಕಿಗಳ ಹಣವನ್ನು ಅದು ಬ್ಯಾಂಕಿನಲ್ಲಿ ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ತನ್ನ ಹಣದ ಜೊತೆ ಬೆರೆಸುವಂತಿಲ್ಲ. ಅಂದರೆ ನಿಮ್ಮ ವಾಲೆಟ್ಟಿನ ವ್ಯವಹಾರ ನಿಮ್ಮ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ನಾನು ಪಾಸ್‌ಬುಕ್ಕಿನಲ್ಲಿ 500 ಹುಡುಕಿದ್ದು, ಅಡುಗೆಮನೆಯಲ್ಲಿಟ್ಟ ಡಬ್ಬಿಯನ್ನು ಹಟ್ಟಿಯಲ್ಲಿ ಹುಡುಕಿದ ಹಾಗೆ.

ಇನ್ನು ಎಷ್ಟು ದಿನ ಕಾಯಬೇಕು? ಇಲ್ಲಿಯೇ ನಮ್ಮಂಥವರು ಎಡವುವುದು. ನಾವು ಎಲ್ಲದಕ್ಕೂ ‘ರಿಫಂಡ್’ ಎನ್ನುತ್ತೇವೆ. ನಿಜವಾಗಿ ಅದರಲ್ಲಿ ನಾಲ್ಕು ಬಗೆ ಉಂಟು. ಒಂದೊಂದರ ದಾರಿ ಬೇರೆ, ದಿನದ ಲೆಕ್ಕ ಬೇರೆ.

ಮೊದಲನೆಯದು, ಹಣ ಕಡಿತವಾಗಿದೆ, ಅಂಗಡಿಗೆ ಮುಟ್ಟಿಲ್ಲ. ತರಕಾರಿ ಅಂಗಡಿಯಲ್ಲಿ ನಿಂತಿದ್ದೀರಿ, ನಿಮ್ಮ ಫೋನು ‘ಟಿಂಗ್’ ಎಂದಿತು, ಅಂಗಡಿಯವರ ಪೆಟ್ಟಿಗೆ ಮಾತಾಡಲಿಲ್ಲ. ಇದಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿದೆ. ಒಂದೇ ಕಂಪೆನಿಯ ವಾಲೆಟ್ಟಿನೊಳಗಿನ ವ್ಯವಹಾರವಾದರೆ ಮರುದಿನದೊಳಗೆ ಹಣ ತಿರುಗಿ ಬರಬೇಕು. ಯುಪಿಐ ಮೂಲಕ ಅಂಗಡಿಗೆ ಕೊಟ್ಟದ್ದಾದರೆ ವ್ಯವಹಾರ ನಡೆದ ದಿನದ ಮೇಲೆ 5 ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಅದನ್ನೂ ನಾವು ಕೇಳುವ ಮೊದಲೇ ತಾವಾಗಿ ಕೊಡಬೇಕು ಎಂದು ಸುತ್ತೋಲೆ ಹೇಳುತ್ತದೆ.

ಎರಡನೆಯದು, ಅಂಗಡಿಗೆ ಹಣ ಮುಟ್ಟಿದೆ, ನಾವು ವಸ್ತು ವಾಪಸು ಕೊಟ್ಟಿದ್ದೇವೆ ಅಥವಾ ಆರ್ಡರ್ ರದ್ದು ಮಾಡಿದ್ದೇವೆ. ನನ್ನ ರೈನ್‌ಕೋಟು, ಬಾಯಮ್ಮನ ಮಿಕ್ಸಿ ಇದೇ ಜಾತಿಯವು. ಇಲ್ಲಿ ಎರಡು ಮೆಟ್ಟಿಲು. ಅಂಗಡಿಯವರು ವಸ್ತುವನ್ನು ಪಡೆದು, ನೋಡಿ, ಹಣ ಬಿಡುಗಡೆ ಮಾಡಬೇಕು. ಆಮೇಲೆ ವಾಲೆಟ್ ಕಂಪೆನಿ ಅದನ್ನು ನಮಗೆ ಹಾಕಬೇಕು. ಎರಡನೆಯ ಮೆಟ್ಟಿಲಿನ ಬಗ್ಗೆ ರಿಸರ್ವ್ ಬ್ಯಾಂಕಿನ 2021ರ ಆಗಸ್ಟ್ 27ರ ನಿರ್ದೇಶನ ಸ್ಪಷ್ಟವಾಗಿದೆ: ರದ್ದಾದ, ವಿಫಲವಾದ, ವಾಪಸಾದ ವ್ಯವಹಾರದ ಹಣವನ್ನು, ವಾಲೆಟ್ಟಿನಿಂದ ಹೋದಷ್ಟನ್ನು, ಕೂಡಲೇ ಅದೇ ವಾಲೆಟ್ಟಿಗೆ ಹಾಕಬೇಕು. ಹಾಗೆ ಹಾಕುವಾಗ ವಾಲೆಟ್ಟಿನ ಮಿತಿ ಮೀರಿದರೂ ತಡೆಯುವಂತಿಲ್ಲ. ಪೂರ್ತಿ ಕೆವೈಸಿ ಆಗದ ಚಿಕ್ಕ ವಾಲೆಟ್ಟಿನಲ್ಲಿ 10,000 ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ. ಆದರೆ ರಿಫಂಡ್ ಬಂದರೆ ಆ ಮಿತಿ ಅಡ್ಡ ಬರುವುದಿಲ್ಲ. ಹಾಗಾಗಿ ತಡವಾಗುವುದು ಹೆಚ್ಚಾಗಿ ಮೊದಲನೆಯ ಮೆಟ್ಟಿಲಿನಲ್ಲಿ, ಅಂದರೆ ಅಂಗಡಿಯ ಗೋದಾಮಿನಲ್ಲಿ. ವಾಲೆಟ್ಟಿನವರ ಜೊತೆ ಜಗಳವಾಡಿ ಪ್ರಯೋಜನ ಇಲ್ಲ.

ಮೂರನೆಯದು, ಅವಸರದಲ್ಲಿ ಬೇರೆ ಯಾರಿಗೋ ಹಣ ಕಳುಹಿಸಿದ್ದೇವೆ. ಇದು ರಿಫಂಡೇ ಅಲ್ಲ. ಹಣ ಮುಟ್ಟಿದವರು ಒಪ್ಪಿ ಕೊಡಬೇಕು. ತಕ್ಷಣ ಆಪ್‌ನಲ್ಲಿ ದೂರು ಹಾಕಿ, ಬ್ಯಾಂಕಿಗೆ ತಿಳಿಸಿ, ವಿನಯದಿಂದ ಕೇಳಬೇಕು.

ನಾಲ್ಕನೆಯದು ಮೋಸ. ಅದಕ್ಕೆ 1930 ಎಂಬ ಸೈಬರ್ ಸಹಾಯವಾಣಿಗೆ ಫೋನು ಮಾಡಬೇಕು, ಒಂದು ಗಳಿಗೆಯೂ ತಡಮಾಡಬಾರದು.

ಇನ್ನೊಂದು ಸಣ್ಣ ಎಚ್ಚರಿಕೆ. ವಾಪಸು ಕೊಡುವಾಗ ಕೆಲವು ಅಂಗಡಿಗಳ ಆಪ್ ‘ಹಣವನ್ನು ಎಲ್ಲಿಗೆ ಹಾಕಲಿ?’ ಎಂದು ಕೇಳುತ್ತದೆ. ‘ನಮ್ಮ ಅಂಗಡಿಯ ಖಾತೆಗೆ ಹಾಕಿದರೆ ಈಗಲೇ ಸಿಗುತ್ತದೆ’ ಎಂದು ಆಸೆ ತೋರಿಸುತ್ತದೆ. ಅವಸರದಲ್ಲಿ ಅದನ್ನು ಒತ್ತಿದರೆ ಆ ಹಣ ಆ ಅಂಗಡಿಯಲ್ಲೇ ಖರ್ಚಾಗಬೇಕು, ಬೇರೆಲ್ಲಿಯೂ ನಡೆಯುವುದಿಲ್ಲ. ಅಲ್ಲಿಯೇ ಇನ್ನೇನಾದರೂ ಕೊಳ್ಳುವುದಿದ್ದರೆ ಸರಿ. ಇಲ್ಲದಿದ್ದರೆ ಹೋದ ದಾರಿಯಲ್ಲೇ ಬರಲಿ ಎಂದು ಆರಿಸಿ.

ರಿಫಂಡ್ ಎಂಬುದಕ್ಕೆ ಎಷ್ಟು ಬೆಲೆ ಎನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ ಕೊಡುತ್ತೇನೆ. 2024ರ ಜನವರಿ 31ರಂದು ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ, ಗಿರಾಕಿಗಳ ಖಾತೆಗೆ, ವಾಲೆಟ್ಟಿಗೆ ಇನ್ನು ಹೊಸ ಹಣ ಹಾಕಿಸಿಕೊಳ್ಳಬಾರದು ಎಂದು ಆಜ್ಞೆ ಮಾಡಿತು. ಮೊದಲು ಫೆಬ್ರವರಿ 29ರ ಗಡುವು, ಆಮೇಲೆ ಅದು ಮಾರ್ಚ್ 15ಕ್ಕೆ ಮುಂದೆ ಹೋಯಿತು. ಊರಿಡೀ ಗಾಬರಿ. ನಮ್ಮ ಬೀದಿಯಲ್ಲೂ ‘ಇನ್ನು ನಮ್ಮ ದುಡ್ಡಿನ ಗತಿ ಏನು’ ಎಂದು ಕೇಳಿದವರೇ. ಆದರೆ ಆ ಆಜ್ಞೆಯಲ್ಲೇ ಒಂದು ಮಾತು ಇತ್ತು: ಬಡ್ಡಿ, ಕ್ಯಾಶ್‌ಬ್ಯಾಕ್, ರಿಫಂಡ್ ಇವು ಮಾತ್ರ ಯಾವಾಗ ಬೇಕಾದರೂ ಜಮಾ ಆಗಬಹುದು. ಹೆಬ್ಬಾಗಿಲು ಮುಚ್ಚಿದರೂ ರಿಫಂಡಿನ ಕಿರುಬಾಗಿಲನ್ನು ತೆರೆದೇ ಇಟ್ಟರು. ಯಾಕೆ? ರಿಫಂಡ್ ಹೊಸ ಹಣವಲ್ಲ, ಗಿರಾಕಿಯದೇ ಹಣ.

ಇಷ್ಟೆಲ್ಲ ನನಗೆ ಗೊತ್ತಿತ್ತು. ರೈನ್‌ಕೋಟಿನ ಅವಮಾನ ಆದ ಮೇಲೆ ಹಟ ಹಿಡಿದು ಓದಿ ತಿಳಿದುಕೊಂಡಿದ್ದೆ. ಆದರೂ ಬಾಯಮ್ಮ ಕೇಳಿದಾಗ ಹೇಳಿದ್ದು ಒಂದೇ ಮಾತು: ‘‘ಬರ್ತದೆ.’’

ಎರಡು ದಿನ ಕಳೆದು ಬಾಯಮ್ಮ ಮತ್ತೆ ಬಂದರು. ಜೋರು ಮಳೆ. ಫೋನನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದರು. ನನ್ನನ್ನು ನೋಡಲಿಲ್ಲ. ನೇರ ಮೊಮ್ಮಗಳ ಹತ್ತಿರ ಹೋದರು.

‘‘ಮಗಾ, ಇದರಲ್ಲಿ ಒಂದು ಆಪ್ ಹಾಕಿ ಕೊಡು. ನನಗೆ ಕನ್ನಡಕ ಹಾಕಿದರೂ ಕಾಣುವುದಿಲ್ಲ. ಕಂಪೆನಿಯವರು ಲೈನಿನಲ್ಲಿದ್ದಾರೆ.’’

ಫೋನಿನಲ್ಲಿ ಒಬ್ಬ ಗಂಡಸು ಮಾತಾಡುತ್ತಲೇ ಇದ್ದ. ಬಹಳ ಮರ್ಯಾದೆಯ ದನಿ. ಮಾತಿಗೊಮ್ಮೆ ‘ಮೇಡಂ’ ಎನ್ನುತ್ತಿದ್ದ. ಆ ಆಪ್ ಹಾಕಿಕೊಂಡರೆ ತನಗೆ ಇವರ ಫೋನಿನ ಪರದೆ ಕಾಣುತ್ತದೆ, ಆಗ ತಾನೇ ಸಹಾಯ ಮಾಡುತ್ತೇನೆ ಎಂದ. ಪರೀಕ್ಷೆಗಾಗಿ ಬ್ಯಾಂಕ್ ಖಾತೆಯಿಂದ ಹತ್ತು ರೂಪಾಯಿ ಕಳುಹಿಸಿ ಪಿನ್ ಒತ್ತಿದರೆ 2,360 ರೂಪಾಯಿಯ ರಿಫಂಡ್ ಕೂಡಲೇ ಬರುತ್ತದೆ ಎಂದ.

ಮೊಮ್ಮಗಳು ಆಪ್ ಹಾಕಲಿಲ್ಲ. ಫೋನನ್ನೇ ನೋಡುತ್ತಾ ಕೇಳಿದಳು:

‘‘ಬಾಯಮ್ಮ, ಹಣ ಕೊಡಬೇಕಾದವರು ಅವರು ಅಲ್ವಾ? ಹಾಗಾದರೆ ನಾವು ಯಾಕೆ ಹತ್ತು ರೂಪಾಯಿ ಕಳುಹಿಸುವುದು? ಪಿನ್ ಬೇಕಾಗುವುದು ಕೊಡುವುದಕ್ಕೆ. ಬರುವುದಕ್ಕೆ ಎಂಥ ಪಿನ್ನು?’’

ನಾನು ಎದ್ದು ಹೋಗಿ ಫೋನು ತೆಗೆದುಕೊಂಡೆ. ‘‘ನೀವು ಯಾವ ಶಾಖೆಯಿಂದ ಮಾತಾಡುವುದು ಮಾರಾಯ್ರೇ? ನಾನು ಬ್ಯಾಂಕಿನವನು’’ ಎಂದೆ. ಲೈನು ಕಟ್ಟಾಯಿತು.

ಬಾಯಮ್ಮ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಹೇಳಿದರು. ಅವರ ಹೆಂಚಿನ ಮನೆಯ ಮಾಡಿನ ಪಕ್ಕಾಸು, ರೀಪು ಗೆದ್ದಲು ತಿಂದಿವೆ. ಮಳೆ ಮುಗಿದ ಮೇಲೆ ಬದಲಿಸಬೇಕೆಂದು ಮಗ ಕಳುಹಿಸಿದ ಹಣ ಪೂರ್ತಿ ಆ ಖಾತೆಯಲ್ಲೇ ಇತ್ತು. ಪರದೆ ಕಂಡು, ಪಿನ್ ಕಂಡು ಅವನು ಸುಮ್ಮನಿರುತ್ತಿದ್ದನೇ?

‘‘ಆ ನಂಬರು ಎಲ್ಲಿ ಸಿಕ್ಕಿತು ಬಾಯಮ್ಮ?’’

‘‘ಮೊಬೈಲಿನಲ್ಲಿ ಹುಡುಕಿದೆ. ರಿಫಂಡ್ ಕಸ್ಟಮರ್ ಕೇರ್ ಅಂತ ಹಾಕಿದರೆ ಮೊದಲೇ ಬಂತು. ನೀವು ಬರ್ತದೆ ಅಂದಿರಿ. ಯಾವಾಗ ಅಂತ ಹೇಳಲಿಲ್ಲ. ನಿಮಗೆ ಪುನಃ ಪುನಃ ಹೇಗೆ ತೊಂದರೆ ಕೊಡುವುದು?’’

ಅವರು ದೂರಿ ಹೇಳಿದ್ದಲ್ಲ. ಅದಕ್ಕೇ ನನಗೆ ಹೆಚ್ಚು ನಾಟಿತು. ಕೌಂಟರಿನಲ್ಲಿ ಕುಳಿತಿದ್ದ ಅಷ್ಟು ವರ್ಷ ನಾನು ಎಷ್ಟು ಜನರಿಗೆ ‘ಬರ್ತದೆ, ನಾಳೆ ಬನ್ನಿ’ ಎಂದಿರಬಹುದು! ಆಗ ಅವರು ನಾಳೆ ಬರುತ್ತಿದ್ದರು, ಅಷ್ಟೇ. ಈಗ ಹಾಗಲ್ಲ. ನಾವು ಅರ್ಧ ಉತ್ತರ ಕೊಟ್ಟರೆ ಉಳಿದ ಅರ್ಧವನ್ನು ಕೊಡಲು ಕಳ್ಳ ಫೋನಿನಲ್ಲಿ ಕಾದು ಕುಳಿತಿರುತ್ತಾನೆ. ಅವನ ಹತ್ತಿರ ನಮ್ಮ ಹತ್ತಿರ ಇಲ್ಲದ್ದು ಒಂದು ಉಂಟು: ತಾಳ್ಮೆ.

ಇನ್ನೊಂದು ವಿಷಯ. 2019ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ವಾಲೆಟ್ ಗಿರಾಕಿಗಳ ರಕ್ಷಣೆಗೆ ಒಂದು ನಿಯಮ ಮಾಡಿತು. ನಮ್ಮದೂ ಕಂಪೆನಿಯದೂ ತಪ್ಪಿಲ್ಲದೆ ಬೇರೆ ಯಾರೋ ಹಣ ಹಾರಿಸಿದರೆ, ಮೂರು ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಆದರೆ ನಾವೇ ಗುಟ್ಟಿನ ಸಂಖ್ಯೆ ಕೊಟ್ಟಿದ್ದರೆ, ತಿಳಿಸುವವರೆಗೆ ಆದ ನಷ್ಟ ನಮ್ಮದೇ. ಬ್ಯಾಂಕ್ ಖಾತೆಗೂ ಇದೇ ತತ್ತ್ವ. ಬಾಯಮ್ಮ ಆ ದಿನ ಪಿನ್ ಒತ್ತಿದ್ದರೆ ಕಾನೂನೂ ಅವರ ಕಡೆ ನಿಲ್ಲುವುದು ಕಷ್ಟವಿತ್ತು.

ಆ ಸಂಜೆ ನಾನೂ ಮೊಮ್ಮಗಳೂ ಬಾಯಮ್ಮನ ಜೊತೆ ಕುಳಿತು, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಮಾಡಿದೆವು. ಮುಕ್ಕಾಲು ಗಂಟೆಯೂ ಬೇಕಾಗಲಿಲ್ಲ.

ಮೊದಲು ಅಂಗಡಿಯ ಆಪ್ ತೆರೆದು ಆರ್ಡರಿನ ಪುಟ ನೋಡಿದೆವು. ಮಿಕ್ಸಿ ಮನೆಯಿಂದ ಹೋದದ್ದು ಬರೆದಿತ್ತು, ಗೋದಾಮಿಗೆ ಮುಟ್ಟಿದ್ದು ಬರೆದಿರಲಿಲ್ಲ. ಅಂದರೆ ಮೊದಲನೆಯ ಮೆಟ್ಟಿಲಿನಲ್ಲೇ ನಿಂತಿದೆ. ವಾಲೆಟ್ಟಿನವರ ತಪ್ಪಲ್ಲ, ಬ್ಯಾಂಕಿನ ತಪ್ಪಲ್ಲ. ಆಮೇಲೆ ಅದೇ ಆಪ್‌ನೊಳಗಿನ ಸಹಾಯದ ಜಾಗದಲ್ಲಿ ದೂರು ಬರೆದೆವು: ಆರ್ಡರ್ ಸಂಖ್ಯೆ, ಮಿಕ್ಸಿ ಒಯ್ದ ದಿನಾಂಕ, ಮೊತ್ತ. ಒಯ್ದವನು ಕೊಟ್ಟ ಮೆಸೇಜಿನ ಚಿತ್ರವನ್ನೂ ಲಗತ್ತಿಸಿದೆವು. ಅವರು ಒಂದು ದೂರಿನ ಸಂಖ್ಯೆ ಕೊಟ್ಟರು. ಅದನ್ನು ಮೊಮ್ಮಗಳು ಬಾಯಮ್ಮನ ಕ್ಯಾಲೆಂಡರಿನಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಳು. ನಾನು ಬಾಯಮ್ಮನಿಗೆ ಹೇಳಿದೆ: ‘‘ನಿಮ್ಮ ಹಣ ಈಗ ಅಂಗಡಿಯವರ ಹತ್ತಿರ ಉಂಟು. ಬಂದರೆ ವಾಲೆಟ್ಟಿಗೇ ಬರುತ್ತದೆ, ಪಾಸ್‌ಬುಕ್ಕಿಗೆ ಅಲ್ಲ. ಬರುವ ಸೋಮವಾರ ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ. ಅಷ್ಟರೊಳಗೆ ಯಾರು ಫೋನು ಮಾಡಿದರೂ ಬ್ಯಾಂಕಿನವರನ್ನು ಕೇಳಿ ಎನ್ನಿ.’’

ಹಣ ಶನಿವಾರವೇ ಬಂತು. ಅಂಗಡಿಯವರು ಬಿಡುಗಡೆ ಮಾಡಿದ ಮೆಸೇಜೂ ವಾಲೆಟ್ಟಿನ ಮೆಸೇಜೂ ಒಂದೇ ದಿನ ಬಂದವು. ಭಾನುವಾರ ಪೂಜೆ ಮುಗಿಸಿ ಬರುವಾಗ ಬಾಯಮ್ಮ ನಮ್ಮ ಮನೆಗೆ ಹಲಸಿನ ಹಪ್ಪಳ ಕೊಟ್ಟು ಹೋದರು. ಕೊಟ್ಟದ್ದು ನನ್ನ ಕೈಗಲ್ಲ, ಮೊಮ್ಮಗಳ ಕೈಗೆ. ಅದು ನ್ಯಾಯವೇ.

ಒಂದು ವೇಳೆ ಬರದಿದ್ದರೆ? ಅದಕ್ಕೂ ದಾರಿ ಉಂಟು. ಅಂಗಡಿಯವರು ಹಣ ಬಿಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಅಂಗಡಿಯವರು ಬಿಟ್ಟೂ ವಾಲೆಟ್ ಕಂಪೆನಿ ಹಾಕದಿದ್ದರೆ ಕಂಪೆನಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರ ನವೆಂಬರ್ 12ರಂದು ಬ್ಯಾಂಕು, ವಾಲೆಟ್ ಎಲ್ಲದಕ್ಕೂ ಸೇರಿಸಿ ಒಂದೇ ಒಂಬುಡ್ಸ್‌ಮನ್ ಯೋಜನೆ ಶುರುವಾಯಿತು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448. ಈ ಸಂಖ್ಯೆಗಳನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಹುಡುಕುವ ಪ್ರಮೇಯವೇ ಬಾರದಿರಲಿ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಒಂದು ಹಳೆಯ ನೋಟ್ ಪುಸ್ತಕ ತೆಗೆದುಕೊಳ್ಳಿ. ಐದು ಕಾಲಂ ಎಳೆಯಿರಿ: ತಾರೀಕು, ಏನು ಕೊಂಡದ್ದು, ಎಷ್ಟು, ಯಾವುದರಿಂದ ಕೊಟ್ಟದ್ದು, ವ್ಯವಹಾರದ ಸಂಖ್ಯೆ. ಯುಪಿಐಯಲ್ಲಾದರೆ ಆ ಸಂಖ್ಯೆ 12 ಅಂಕಿಯದ್ದು. ಮನೆಯವರು ಫೋನಿನಲ್ಲಿ ಏನು ಕೊಂಡರೂ ಬರೆದಿಡಿ. ವಾಪಸು ಕೊಟ್ಟದ್ದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ, ಹಣ ಬಂದ ಮೇಲೆ ಗೀಟು ಹಾಕಿ. ತಿಂಗಳ ಕೊನೆಗೆ ಗೀಟು ಇಲ್ಲದ ಕೆಂಪು ಸಾಲು ಉಳಿದರೆ ಹಿರಿಯರಿಗೆ ಹೇಳಿ. ನಮ್ಮ ಲೆಡ್ಜರು ಇದಕ್ಕಿಂತ ದೊಡ್ಡದೇನೂ ಆಗಿರಲಿಲ್ಲ.

ಮತ್ತೆ, ಮನೆಯ ಹಿರಿಯರು ಫೋನು ಹಿಡಿದು ‘ಹಣ ಬರಲಿಲ್ಲ’ ಎಂದು ನಿಮ್ಮ ಹತ್ತಿರ ಬಂದರೆ ‘ಬರ್ತದೆ’ ಎಂದಷ್ಟೇ ಹೇಳಿ ಕಳುಹಿಸಬೇಡಿ. ಹಣ ಎಲ್ಲಿ ನಿಂತಿದೆ, ಎಲ್ಲಿಗೆ ಬರುತ್ತದೆ, ಮತ್ತೆ ಯಾವ ದಿನ ನೋಡುವುದು, ಈ ಮೂರನ್ನು ಹೇಳಿ. ನಾನು ಈಗ ಹಾಗೆ ಹೇಳಲು ಕಲಿಯುತ್ತಿದ್ದೇನೆ. ಪೇಪರು ಮಡಚಿಟ್ಟು, ತಲೆ ಎತ್ತಿ.